ಬೂಷ್ಟು ಸೊಂಪಾಗಿ ಬೆಳೆದಿದೆ, ಮದ್ದು ಮಾತ್ರ ಇಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಣಾಜೆ, ಮಣಿಪಾಲ, ಸುರತ್ಕಲ್ ಕಡೆಯ ವಿದ್ಯಾರ್ಥಿಗಳವು. ಕುಂದಾಪುರ, ಕಾರ್ಕಳದಿಂದ ಮನೆಯಲ್ಲೇ ಪ್ರಯೋಗಕ್ಕೆ ಇಳಿದವರೂ ಬರೆದಿದ್ದಾರೆ. ಎಲ್ಲರೂ ಕೇಳಿದ್ದು ಒಂದೇ: ಶಿಲೀಂಧ್ರ ಹುದುಗಿಸಿ ಔಷಧದ ಅಂಶ ತೆಗೆಯುವಾಗ ಇಳುವರಿ ಏರಿಸುವುದು ಹೇಗೆ? ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಷ್ಟಿನಿಂದ ಕೊಲೆಸ್ಟರಾಲ್ ಇಳಿಸುವ ಮದ್ದು ಲೊವಾಸ್ಟಾಟಿನ್ ತೆಗೆಯುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಜೂನ್‌ನಲ್ಲಿ ಲೀಟರಿಗೆ 120 ಮಿ.ಗ್ರಾಂ. ಬರುತ್ತಿತ್ತು, ನವೆಂಬರ್ ಹೊತ್ತಿಗೆ 35ಕ್ಕೆ ಇಳಿದಿದೆ. 15 ದಿನಕ್ಕೊಮ್ಮೆ ಹೊಸ ಸ್ಲಾಂಟಿಗೆ (ಓರೆಯಾಗಿ ಅಗರ್ ಹೆಪ್ಪುಗಟ್ಟಿಸಿದ ಕೊಳವೆಗೆ) ದಾಟಿಸಿ ತಳಿಯನ್ನು ತಾಜಾ ಇಟ್ಟುಕೊಂಡಿದ್ದೇನೆ. ಮೀಡಿಯಾ (ಬೆಳೆಸುವ ಪೋಷಕ ಮಾಧ್ಯಮ), ಶೇಕರ್ (ಫ್ಲಾಸ್ಕ್ ಕುಲುಕುವ ಯಂತ್ರ), ತಾಪಮಾನ ಯಾವುದೂ ಬದಲಾಗಿಲ್ಲ. ಎಲ್ಲಿ ತಪ್ಪಿದೆ?
(ವಿದ್ಯಾರ್ಥಿನಿ, ಕೊಣಾಜೆ)

ಉತ್ತರ: ನೀವು ‘ತಾಜಾ’ ಅಂದಿರಲ್ಲ, ತಪ್ಪಿದ್ದು ಅಲ್ಲೇ. ಐದು ತಿಂಗಳಲ್ಲಿ ಹತ್ತು ಸಲ ದಾಟಿಸಿದ್ದೀರಿ. ಲೊವಾಸ್ಟಾಟಿನ್ ಮಾಡುವುದು ಶಿಲೀಂಧ್ರಕ್ಕೆ ಖರ್ಚಿನ ಬಾಬತ್ತು. ಆ ಕೆಲಸ ಕೈಬಿಟ್ಟ ಬೀಜಕಗಳು ಸ್ಲಾಂಟ್ ಮೇಲೆ ಬೇಗ ಹಬ್ಬುತ್ತವೆ. ನೀವು ಪ್ರತಿಸಲ ಲೂಪ್ (ಬೀಜಕ ಎತ್ತುವ ತಂತಿಯ ಕುಣಿಕೆ) ತಾಗಿಸಿದ್ದು ಚೆನ್ನಾಗಿ ಹಬ್ಬಿದ ಜಾಗಕ್ಕೇ ಅಲ್ಲವೇ? ಹಾಗೆ ಮದ್ದು ಮಾಡದವುಗಳನ್ನೇ ಆರಿಸುತ್ತಾ ಬಂದಿದ್ದೀರಿ.

ಮೊದಲು ಜೂನ್ ತಿಂಗಳ ಸ್ಲಾಂಟ್ ಫ್ರಿಜ್‌ನ ಮೂಲೆಯಲ್ಲಿ ಉಳಿದಿದೆಯೇ ನೋಡಿ. ಉಳಿದಿದ್ದರೆ ಅದರಿಂದಲೇ ಶುರುಮಾಡಿ. ಇಲ್ಲದಿದ್ದರೆ, ತಳಿ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಸಂಗ್ರಹದಿಂದ ಬಂದದ್ದಾದರೆ ಮತ್ತೊಮ್ಮೆ ತರಿಸಿಕೊಳ್ಳುವುದು ಲೇಸು. ನೀವೇ ಮಣ್ಣಿನಿಂದ ಬೇರ್ಪಡಿಸಿದ ತಳಿಯಾದರೆ ಒಂಟಿ ಬೀಜಕದಿಂದ ಮರುಆಯ್ಕೆ ಮಾಡದೆ ಬೇರೆ ದಾರಿಯಿಲ್ಲ. 7 ದಿನ ಬೆಳೆದ ಸ್ಲಾಂಟಿಗೆ ಸೋಪಿನಂತೆ ಕೆಲಸ ಮಾಡುವ ಟ್ವೀನ್-80 ಶೇ. 0.1 ಬೆರೆಸಿದ ಸ್ಟೆರೈಲ್ ಸಲೈನ್ ಸುರಿದು ಬೀಜಕಗಳನ್ನು ಎಬ್ಬಿಸಿ. ಬರೀ ನೀರು ಹಾಕಿದರೆ ಅವು ತೇಲುತ್ತವೆ, ಗುಂಪು ಬಿಡುವುದಿಲ್ಲ. ಸ್ಟೆರೈಲ್ ಹತ್ತಿಯಲ್ಲಿ ಸೋಸಿ ತಂತುಗಳನ್ನು ತೆಗೆಯಿರಿ. ಒಂದು ಪ್ಲೇಟಿಗೆ 20–30 ಕಾಲೊನಿ ಮಾತ್ರ ಬರುವಷ್ಟು ತೆಳುಮಾಡಿ ಹರಡಿ. ಕಾಲೊನಿ ಕಂಡ ಕೂಡಲೇ, ಒಂದಕ್ಕೊಂದು ತಾಗುವ ಮೊದಲೇ, 25–30 ಆರಿಸಿ ಒಂದೊಂದನ್ನೂ ಬೇರೆ ಸ್ಲಾಂಟಿಗೆ ಹಾಕಿ. ಎಲ್ಲವನ್ನೂ ಫ್ಲಾಸ್ಕಿನಲ್ಲಿ ಬೆಳೆಸಿ ಅಳೆಯಿರಿ, ಮುಂದೆ ನಿಂತ ಐದನ್ನು ಮೂರು ಮೂರು ಫ್ಲಾಸ್ಕಿನಲ್ಲಿ ಮತ್ತೆ ಪರೀಕ್ಷಿಸಿ. ಬಣ್ಣ, ಚೆಂದ ನೋಡಿ ಆರಿಸಬೇಡಿ.

ಸಿಕ್ಕ ಒಳ್ಳೆಯ ತಳಿಯನ್ನು ಅದೇ ವಾರ ಬ್ಯಾಂಕ್ ಮಾಡಿ: ಶೇ. 20 ಗ್ಲಿಸರಾಲ್‌ನಲ್ಲಿ ಬೀಜಕ, 1 ಮಿ.ಲೀ. ಕೊಳವೆಗಳಲ್ಲಿ 40, ಮೈನಸ್ 80 ಡಿಗ್ರಿಯಲ್ಲಿ. ಹತ್ತನ್ನು ಮುಟ್ಟದೆ ಬದಿಗಿಡಿ. ಪ್ರತಿ ಪ್ರಯೋಗಕ್ಕೂ ಹೊಸ ಕೊಳವೆ ತೆಗೆಯಿರಿ, ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಮೈನಸ್ 80 ಇಲ್ಲ, ಇರುವುದು ಮಾಮೂಲಿ ಫ್ರೀಜರ್, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ ಎಂದಾದರೆ ಗ್ಲಿಸರಾಲ್ ಗೊಡವೆಯೇ ಬೇಡ. ಕರಗಿ ಹೆಪ್ಪುಗಟ್ಟಿ ಬೀಜಕ ಸಾಯುತ್ತದೆ. ಸ್ಲಾಂಟಿನ ಮೇಲ್ತುದಿಗಿಂತ 1 ಸೆಂ.ಮೀ. ಮೇಲೆ ನಿಲ್ಲುವಷ್ಟು ಸ್ಟೆರೈಲ್ ಲಿಕ್ವಿಡ್ ಪ್ಯಾರಾಫಿನ್ ಸುರಿದು 4 ಡಿಗ್ರಿಯಲ್ಲಿಡಿ. ಪ್ಯಾರಾಫಿನ್ ಅನ್ನು ಒಣ ಓವನ್‌ನಲ್ಲಿ 160 ಡಿಗ್ರಿಗೆ 2 ಗಂಟೆ ಇಡಬೇಕು. ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿಟ್ಟರೆ, ಅದಕ್ಕೆ ನೀರು ಸೇರಿ ಕದಡುತ್ತದೆ.

ಇನ್ನೊಂದು ಮಾತು. ಆಸ್ಪರ್ಜಿಲಸ್ ಟೆರಿಯಸ್ ದುರ್ಬಲ ದೇಹಕ್ಕೆ ಸೋಂಕು ತರಬಲ್ಲದು, ಶಿಲೀಂಧ್ರದ ಸೋಂಕಿಗೆ ಕೊಡುವ ಆಂಫೊಟೆರಿಸಿನ್-ಬಿ ಅದರ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ಲಾಂಟ್ ಬಿಚ್ಚುವುದು ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ. ಗಾಳಿ ನಿಮ್ಮ ಮುಖಕ್ಕೇ ಬೀಸುವ ಲ್ಯಾಮಿನಾರ್ ಎದುರು ಅಲ್ಲ.

ಪ್ರಶ್ನೆ: ಫ್ಲಾಸ್ಕಿನಲ್ಲಿ ಶಿಲೀಂಧ್ರ ಗಂಜಿಯಂತೆ ದಪ್ಪಗಾಗಿದೆ, ಒಣ ತೂಕ ಲೀಟರಿಗೆ 18 ಗ್ರಾಂ. ಲೊವಾಸ್ಟಾಟಿನ್ ಮಾತ್ರ ಸೊನ್ನೆಗೆ ಹತ್ತಿರ. ಲೀಟರಿಗೆ 60 ಗ್ರಾಂ. ಗ್ಲೂಕೋಸ್, 5 ಗ್ರಾಂ. ಅಮೋನಿಯಂ ಸಲ್ಫೇಟ್ ಹಾಕಿದ್ದೇವೆ. ಗ್ಲೂಕೋಸ್ ಇನ್ನೂ ಏರಿಸಬೇಕೇ?
(ಇಬ್ಬರು ವಿದ್ಯಾರ್ಥಿಗಳು, ಮಣಿಪಾಲ)

ಉತ್ತರ: ಏರಿಸಬೇಡಿ, ತೆಗೆಯಿರಿ. ಹೊಟ್ಟೆ ತುಂಬ ಗ್ಲೂಕೋಸ್, ಕೈಗೆಟುಕುವ ಅಮೋನಿಯ ಇರುವಷ್ಟು ದಿನ ಶಿಲೀಂಧ್ರ ಮೈ ಬೆಳೆಸುತ್ತದೆಯೇ ಹೊರತು ಇಂಥ ರಾಸಾಯನಿಕದ ಜೀನ್‌ಗಳನ್ನು ತೆರೆಯುವುದಿಲ್ಲ. ಬೆಳವಣಿಗೆಗೆ ಬೇರೆ ಊಟ, ಮದ್ದಿಗೆ ಬೇರೆ ಊಟ.

ಇದು ಹೊಸ ಸಂಗತಿಯಲ್ಲ. 1941ರಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿಗಳಾದ ಫ್ಲೋರಿ ಮತ್ತು ಹೀಟ್ಲಿ ಪೆನಿಸಿಲಿನ್ ಬೂಷ್ಟನ್ನು ಅಮೆರಿಕದ ಪಿಯೋರಿಯಾ ಪ್ರಯೋಗಾಲಯಕ್ಕೆ ಒಯ್ದಾಗ ಇಳುವರಿ ಏರಿದ್ದು ಎರಡು ಬದಲಾವಣೆಯಿಂದ: ಜೋಳದ ಪಿಷ್ಟ ತೆಗೆಯುವಾಗ ಉಳಿಯುವ ನೆನೆನೀರು, ಮತ್ತು ಬೂಷ್ಟು ನಿಧಾನವಾಗಿ ಕರಗಿಸಿಕೊಳ್ಳುವ ಲ್ಯಾಕ್ಟೋಸ್. ಆ ನೆನೆನೀರಿನಲ್ಲಿ ಪೆನಿಸಿಲಿನ್-ಜಿಗೆ ಬೇಕಾದ ಫೀನೈಲ್ ಅಸಿಟಿಕ್ ಆಮ್ಲದ ಮೂಲವಸ್ತುಗಳೂ ಇದ್ದವು. ಈಗ ಕಾರ್ಖಾನೆಗಳು ಗ್ಲೂಕೋಸನ್ನೇ ಬಳಸುತ್ತವೆ, ಆದರೆ ತೊಟ್ಟಿಕ್ಕಿಸುತ್ತವೆ. ಒಮ್ಮೆಗೇ ಸುರಿಯುವುದಿಲ್ಲ.

ಶುರುವಿಗೆ ಹೀಗೆ ಮಾಡಿ. ಬಿತ್ತನೆ ಮಾಧ್ಯಮದಲ್ಲಿ ಗ್ಲೂಕೋಸ್ ಇರಲಿ, 48 ಗಂಟೆ ಬೆಳೆಯಲಿ. ಅದರಿಂದ ಶೇ. 10ರಷ್ಟನ್ನು ಉತ್ಪಾದನಾ ಮಾಧ್ಯಮಕ್ಕೆ ದಾಟಿಸಿ. ಉತ್ಪಾದನಾ ಮಾಧ್ಯಮ ಲೀಟರಿಗೆ: ಲ್ಯಾಕ್ಟೋಸ್ 40 ಗ್ರಾಂ., ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 8 ಗ್ರಾಂ., ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1.5 ಗ್ರಾಂ., ಮೆಗ್ನೀಸಿಯಂ ಸಲ್ಫೇಟ್ 0.5 ಗ್ರಾಂ., ಉಪ್ಪು 0.4 ಗ್ರಾಂ., ಸತು ಮತ್ತು ಕಬ್ಬಿಣದ ಲವಣ ಒಂದೆರಡು ಮಿ.ಗ್ರಾಂ., ಪಿಎಚ್ 6.5. ಲ್ಯಾಕ್ಟೋಸನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ ಆಮೇಲೆ ಬೆರೆಸಿ. ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಜೊತೆ ಬೇಯಿಸಿದರೆ ಮಾಧ್ಯಮ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಸಕ್ಕರೆಯೂ ಸಾರಜನಕವೂ ಒಂದಿಷ್ಟು ಹಾಳಾಗುತ್ತವೆ. 250 ಮಿ.ಲೀ. ಫ್ಲಾಸ್ಕಿಗೆ 50 ಮಿ.ಲೀ. ಮಾತ್ರ, 28 ಡಿಗ್ರಿ, 180 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಜಾಗ ಉಳಿಸಲು 100 ಮಿ.ಲೀ. ತುಂಬಿಸುವವರಿದ್ದಾರೆ, ಹಾಗೆ ಮಾಡಿದರೆ ಉಸಿರುಕಟ್ಟುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಹತ್ತಿಯ ಬಿರಡೆ ಗಾಳಿಯನ್ನೂ ತಡೆಯುತ್ತದೆ, ಹೊರಗಿನ ಬೂಷ್ಟನ್ನೂ ಒಳಗೆ ಬಿಡುತ್ತದೆ. ಒದ್ದೆಯಾದ ಫ್ಲಾಸ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಐದನೇ ದಿನವೇ ಕೊಯ್ಲು ಮಾಡಿ ಸೋತೆವು ಅನ್ನಬೇಡಿ. 3ನೇ ದಿನದಿಂದ 10ನೇ ದಿನದವರೆಗೆ ದಿನಕ್ಕೊಂದು ಫ್ಲಾಸ್ಕ್ ತೆಗೆದು ಸಕ್ಕರೆ, ಪಿಎಚ್, ಒಣ ತೂಕ, ಲೊವಾಸ್ಟಾಟಿನ್ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಗೆರೆ ಎಳೆಯಿರಿ. ತೂಕದ ಗೆರೆ ಮಟ್ಟಸವಾಗುವ ಹೊತ್ತಿಗೆ ಮದ್ದಿನ ಗೆರೆ ಏಳಬೇಕು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ (ಬೆರಕೆಯ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇಲ್ಲ. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 238 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರಿತೆಂದು ಓದಿ ಲೊವಾಸ್ಟಾಟಿನ್ ಅಳೆದರೆ ಸಾಲದೇ?
(ಉಪನ್ಯಾಸಕರು, ಮೂಡುಬಿದಿರೆ)

ಉತ್ತರ: ಹತ್ತು ಫ್ಲಾಸ್ಕಿನಲ್ಲಿ ಯಾವುದು ಹೆಚ್ಚು ಎಂದು ಅಂದಾಜಿಸಲು ನಡೆದೀತು. ವರದಿಯಲ್ಲಿ ಅಂಕಿ ಬರೆಯಲು ಬೇಡ. ಇದೇ ಶಿಲೀಂಧ್ರ ಸುಲೋಕ್ರಿನ್, ಜಿಯೋಡಿನ್ ಎಂಬ ಬೇರೆ ವಸ್ತುಗಳನ್ನೂ ಮಾಡುತ್ತದೆ. ಅವು, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್‌ನ ಅಂಶಗಳು ಎಲ್ಲವೂ ಆ ಸುತ್ತಿನಲ್ಲೇ ಬೆಳಕು ಹೀರುತ್ತವೆ. ಶುದ್ಧ ಲೊವಾಸ್ಟಾಟಿನ್‌ಗೆ 231, 238, 247ರಲ್ಲಿ ಮೂರು ಉಬ್ಬು ಕಾಣಬೇಕು. ನಿಮ್ಮ ಸ್ಕ್ಯಾನಿನಲ್ಲಿ ಬರೀ ಇಳಿಜಾರು ಕಂಡರೆ ಅಳೆದದ್ದು ಕಸವನ್ನು. ಮಾದರಿಗಳನ್ನು ಸೇರಿಸಿಟ್ಟು ತಿಂಗಳಿಗೊಮ್ಮೆ ಎಚ್‌ಪಿಎಲ್‌ಸಿ ಇರುವಲ್ಲಿಗೆ ಒಯ್ಯಿರಿ.

ಯಂತ್ರ ಇದ್ದವರೂ ಎಡವುವ ಜಾಗ ಎರಡಿವೆ. ಮಾಧ್ಯಮದಲ್ಲಿ ಲೊವಾಸ್ಟಾಟಿನ್ ಬಹುಪಾಲು ಹೈಡ್ರಾಕ್ಸಿ ಆಮ್ಲದ ರೂಪದಲ್ಲಿರುತ್ತದೆ. ಅಂಗಡಿಯಿಂದ ತರಿಸುವ ಸ್ಟ್ಯಾಂಡರ್ಡ್ ಲ್ಯಾಕ್ಟೋನ್ ರೂಪದ್ದು. ಯಂತ್ರದ ಸಿ-18 ಕಾಲಂನಲ್ಲಿ (ವಸ್ತುಗಳನ್ನು ಬೇರ್ಪಡಿಸುವ ಕೊಳವೆಯಲ್ಲಿ) ಆಮ್ಲ ಮೊದಲು ಇಳಿಯುತ್ತದೆ, ಲ್ಯಾಕ್ಟೋನ್ ಆಮೇಲೆ. ಲ್ಯಾಕ್ಟೋನ್ ಉಬ್ಬು ಮಾತ್ರ ನೋಡುವವರಿಗೆ ‘ಏನೂ ಬಂದಿಲ್ಲ’. ಸ್ಟ್ಯಾಂಡರ್ಡಿನ ಒಂದು ಪಾಲನ್ನು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 50 ಡಿಗ್ರಿಗೆ ಒಂದು ಗಂಟೆ ಇಟ್ಟು ಆಮ್ಲವಾಗಿಸಿ, ಎರಡನ್ನೂ ಓಡಿಸಿ, ಎರಡನ್ನೂ ಕೂಡಿಸಿ. ಅಣುತೂಕ 422.5 ಮತ್ತು 404.5, ಆದ್ದರಿಂದ ಆಮ್ಲದ ಅಂಕಿಯನ್ನು 0.957ರಿಂದ ಗುಣಿಸಿದರೆ ಲ್ಯಾಕ್ಟೋನ್ ಲೆಕ್ಕಕ್ಕೆ ಬರುತ್ತದೆ. ಸೋಸಿದ ನೀರು ಮಾತ್ರವಲ್ಲ, ತಂತುಗಳ ಸಮೇತ ತೆಗೆಯಬೇಕು: ಪಿಎಚ್ 3ಕ್ಕೆ ಇಳಿಸಿ, ಸಮಪ್ರಮಾಣ ಈಥೈಲ್ ಅಸಿಟೇಟ್ ಸೇರಿಸಿ, 2 ಗಂಟೆ ಕುಲುಕಿ.

ಎರಡನೆಯದು ನೀರು ಆವಿಯಾಗುವುದು. ಏಸಿ ಕೋಣೆಯ ಶೇಕರ್‌ನಲ್ಲಿ ಹತ್ತು ದಿನಕ್ಕೆ 50 ಮಿ.ಲೀ. ಹೋಗಿ 40 ಆಗಿದ್ದರೆ, ಹೊಸದಾಗಿ ಒಂದು ಮಿ.ಗ್ರಾಂ. ಹುಟ್ಟದೆಯೂ ಇಳುವರಿ ಶೇ. 25 ಏರಿದಂತೆ ಕಾಣುತ್ತದೆ. ಮೊದಲ ದಿನವೇ ಫ್ಲಾಸ್ಕ್ ತೂಗಿ ಬರೆದಿಡಿ, ಮಾದರಿ ತೆಗೆಯುವ ಮುಂಚೆ ಸ್ಟೆರೈಲ್ ನೀರು ಸೇರಿಸಿ ಅದೇ ತೂಕಕ್ಕೆ ತನ್ನಿ. ‘ಸುಧಾರಣೆ’ ಎಂದು ಬರೆದ ಎಷ್ಟೋ ಅಂಕಿಗಳು ಈ ನೀರಿನ ಲೆಕ್ಕದಲ್ಲೇ ಕರಗಿಹೋಗುತ್ತವೆ.

ಪ್ರಶ್ನೆ: ಫ್ಲಾಸ್ಕಿನಲ್ಲಿ ಬಂದ ಇಳುವರಿಯ ಅರ್ಧವೂ 5 ಲೀಟರಿನ ಫರ್ಮೆಂಟರಿನಲ್ಲಿ ಬರುತ್ತಿಲ್ಲ. ಕೆಲವೊಮ್ಮೆ ಸಾಬಕ್ಕಿಯಂಥ ಗುಂಡು, ಕೆಲವೊಮ್ಮೆ ಗೋಡೆಗೆ ಮೆತ್ತಿದ ಚಾಪೆ.
(ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಗುಂಡು ಸಾಬಕ್ಕಿ ಗಾತ್ರಕ್ಕೆ ಹೋದರೆ ಒಳಗಿನ ತಿರುಳಿಗೆ ಆಮ್ಲಜನಕ ಮುಟ್ಟುವುದಿಲ್ಲ, ಸತ್ತ ಭಾರವನ್ನು ತಿರುಗಿಸುತ್ತಿರುತ್ತೀರಿ. ಸಾಸಿವೆ ಗಾತ್ರ ನಿಮ್ಮ ಗುರಿಯಾಗಲಿ. ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಬಿತ್ತಿದ ಬೀಜಕಗಳ ಸಂಖ್ಯೆ. ಕಡಿಮೆ ಬಿತ್ತಿದರೆ ದೊಡ್ಡ ಗುಂಡು, ಹೆಚ್ಚು ಬಿತ್ತಿದರೆ ಸಣ್ಣವು, ಇನ್ನೂ ಹೆಚ್ಚಾದರೆ ಗುಂಡೇ ಇಲ್ಲದೆ ಗಂಜಿ. ‘ಒಂದು ಲೂಪ್’ ಎಂಬುದು ಅಳತೆಯಲ್ಲ. ಹೀಮೋಸೈಟೋಮೀಟರ್ (ಬೀಜಕ ಎಣಿಸುವ ಗೆರೆ ಹಾಕಿದ ಗಾಜು) ನಡುವಿನ 25 ಚೌಕದ ಎಣಿಕೆಯನ್ನು 10,000ದಿಂದಲೂ ತೆಳುಮಾಡಿದ ಪಟ್ಟಿನಿಂದಲೂ ಗುಣಿಸಿದರೆ ಮಿ.ಲೀ.ಗೆ ಎಷ್ಟೆಂದು ಸಿಗುತ್ತದೆ. ಬಿತ್ತನೆ ಫ್ಲಾಸ್ಕಿನಲ್ಲಿ ಮಿ.ಲೀ.ಗೆ 10 ಲಕ್ಷ ಬೀಜಕ ಇರಲಿ. ಅಂದರೆ 50 ಮಿ.ಲೀ.ಗೆ 5 ಕೋಟಿ, ಮಿ.ಲೀ.ಗೆ 10 ಕೋಟಿ ಇರುವ ದ್ರಾವಣವಾದರೆ ಅರ್ಧ ಮಿ.ಲೀ. ಅಲ್ಲಿಂದ ಮೇಲೆ ಕೆಳಗೆ ಹತ್ತು ಪಟ್ಟು ಬದಲಿಸಿ ನೋಡಿ. ಅಷ್ಟಕ್ಕೂ ಬಗ್ಗದಿದ್ದರೆ ಬಿತ್ತನೆ ಮಾಧ್ಯಮಕ್ಕೆ ಲೀಟರಿಗೆ 10 ಗ್ರಾಂ. ನುಣ್ಣನೆಯ ಟಾಲ್ಕ್ ಪುಡಿ ಸೇರಿಸಿ. ಬೀಜಕಗಳು ಒಂದಕ್ಕೊಂದು ಅಂಟದೆ ಗುಂಡು ಚಿಕ್ಕದಾಗುತ್ತದೆ. ಪರಿಮಳದ ಪೌಡರ್ ಡಬ್ಬಿ ಬೇಡ, ಪ್ರಯೋಗಾಲಯದ ಟಾಲ್ಕ್ ತನ್ನಿ.

ಆಮ್ಲಜನಕದ ಪ್ರೋಬನ್ನು ಸ್ಟೆರಿಲೈಸ್ ಆದ ಮೇಲೆ, ಕೆಲಸದ ತಾಪಮಾನ, ಗಾಳಿ, ತಿರುವಿನ ವೇಗ ಎಲ್ಲ ಇಟ್ಟೇ 100ಕ್ಕೆ ಹೊಂದಿಸಿ. ಓಟದುದ್ದಕ್ಕೂ ಶೇ. 30ಕ್ಕಿಂತ ಕೆಳಗಿಳಿಯದಂತೆ ನೋಡಿ. ಇಳಿದಾಗ ಕಲಕುವ ವೇಗವನ್ನು ಏಕಾಏಕಿ ಏರಿಸುವುದು ಎಲ್ಲರೂ ಮಾಡುವ ತಪ್ಪು. ತಂತು ಹರಿದು ಗುಂಡು ಒಡೆಯುತ್ತದೆ, ದ್ರವ ದಪ್ಪವಾಗಿ ಆಮ್ಲಜನಕ ಮತ್ತಷ್ಟು ಇಳಿಯುತ್ತದೆ. ಮೊದಲು ಗಾಳಿಯನ್ನು ದ್ರವದ ಅಳತೆಯಷ್ಟಕ್ಕೆ ತನ್ನಿ, 3 ಲೀಟರ್ ದ್ರವಕ್ಕೆ ನಿಮಿಷಕ್ಕೆ 3 ಲೀಟರ್. ಆಮೇಲೆ 50 ಆರ್‌ಪಿಎಂನಂತೆ ಏರಿಸಿ.

ನೊರೆಗೆ ಸಿಲಿಕೋನ್ ಆಂಟಿಫೋಮ್ ಹನಿಹನಿಯಾಗಿ ಸಾಕು, ಹೆಚ್ಚಾದರೆ ಗಾಳಿಗುಳ್ಳೆಗಳು ಕೂಡಿಕೊಂಡು ಆಮ್ಲಜನಕ ಕರಗುವುದು ಕುಗ್ಗುತ್ತದೆ. ಗೋಡೆಯ ಚಾಪೆಗೂ ಮೂಲ ಈ ನೊರೆಯೇ: ಅದರೊಡನೆ ಮೇಲೆ ಹೋದ ತಂತು ಅಲ್ಲೇ ಬೇರೂರುತ್ತದೆ. ತೆಂಗಿನೆಣ್ಣೆ ಹಾಕಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ನೊರೆ ಇಳಿಯುತ್ತದೆ, ಶಿಲೀಂಧ್ರ ಅದನ್ನು ತಿನ್ನುತ್ತದೆ ಕೂಡ. ಆದರೆ ಉಳಿದ ಎಣ್ಣೆಯೆಲ್ಲ ಈಥೈಲ್ ಅಸಿಟೇಟ್ ಜೊತೆ ಬಂದು ಕಾಲಂ ಕಟ್ಟಿಸುತ್ತದೆ.

ಪ್ರಶ್ನೆ: ಹನ್ನೊಂದು ಅಂಶಗಳನ್ನು ಒಂದೊಂದಾಗಿ ಬದಲಿಸಿ ನೋಡುತ್ತಾ ಕೂತರೆ ಎರಡು ವರ್ಷ ಬೇಕು. ಅಡ್ಡದಾರಿ ಇದೆಯೇ?
(ವಿದ್ಯಾರ್ಥಿ, ಉಡುಪಿ)

ಉತ್ತರ: ಇದೆ, ಅದೇ ಸರಿದಾರಿ ಕೂಡ. ಒಂದೊಂದಾಗಿ ಬದಲಿಸಿದರೆ ಸಕ್ಕರೆಗೂ ಸಾರಜನಕಕ್ಕೂ ಇರುವ ಹೊಂದಾಣಿಕೆ ಕಾಣುವುದೇ ಇಲ್ಲ. ಹಲವು ಅಂಶಗಳನ್ನು ಒಟ್ಟಿಗೇ ಬದಲಿಸುವ ಪ್ಲಾಕೆಟ್–ಬರ್ಮನ್ ವಿನ್ಯಾಸದಲ್ಲಿ 12 ಓಟಗಳಲ್ಲಿ (ಪ್ರಯೋಗಗಳಲ್ಲಿ) 11 ಅಂಶಗಳನ್ನು ಜರಡಿ ಹಿಡಿಯಬಹುದು. ಮುಂದೆ ಬಂದ ಮೂರನ್ನು, ಸರಿಯಾದ ಪ್ರಮಾಣ ಹುಡುಕುವ ಬಾಕ್ಸ್–ಬೆಹ್ನ್‌ಕೆನ್ ವಿನ್ಯಾಸಕ್ಕೆ ಹಾಕಿದರೆ ಮಧ್ಯಬಿಂದುವಿನ (ಎಲ್ಲ ಅಂಶಗಳೂ ನಡುವಿನ ಪ್ರಮಾಣದಲ್ಲಿರುವ) ಮೂರು ಸೇರಿ 15 ಓಟ. ಆ ಮೂರು ಮಧ್ಯಬಿಂದುಗಳ ಅಂಕಿಯೇ ಒಂದಕ್ಕೊಂದು ತಾಳೆಯಾಗದಿದ್ದರೆ ಸಾಫ್ಟ್‌ವೇರ್ ಮುಚ್ಚಿಟ್ಟು ತಳಿ ಮತ್ತು ಅಳತೆಯ ಕಡೆ ನೋಡಿ.

ಪ್ರಶ್ನೆ: ಗೋಧಿ ಬೂಸಾ, ಕುಚಲಕ್ಕಿ, ಭತ್ತದ ತೌಡು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ನೀರಿನ ಮಾಧ್ಯಮದ ಬದಲು ಇವುಗಳ ಮೇಲೆ ಬೆಳೆಸಬಹುದೇ? ಬೇಸಿಗೆಯಲ್ಲಿ ಚೆನ್ನಾಗಿ ಬಂದದ್ದು ಮಳೆಗಾಲದ ಆಟಿ ತಿಂಗಳಲ್ಲಿ ಹುಳಿ ವಾಸನೆ ಬಂದು ಕೆಟ್ಟಿತು.
(ಓದುಗರು, ಮಂಗಳೂರು)

ಉತ್ತರ: ಬೆಳೆಸಬಹುದು. ಘನ ಹುದುಗುವಿಕೆಯನ್ನು ಕಡೆಗಣಿಸಬೇಡಿ. ಬೆಂಗಳೂರಿನ ಬಯೋಕಾನ್ ಇದಕ್ಕೆಂದೇ ಪ್ಲಾಫ್ರಾಕ್ಟರ್ ಎಂಬ ಯಂತ್ರ ರೂಪಿಸಿ ಪೇಟೆಂಟ್ ಪಡೆದಿದೆ. ನಿಮ್ಮದು ಆಟಿಯಲ್ಲಿ ಕೆಟ್ಟದ್ದು ನೀರಿನ ಲೆಕ್ಕ ತಪ್ಪಿ. ಶೇ. 12 ತೇವದ 100 ಗ್ರಾಂ. ಬೂಸಾದಲ್ಲಿ ಒಣ ಅಂಶ 88 ಗ್ರಾಂ. ಒಟ್ಟು ತೇವ ಶೇ. 60 ಬೇಕೆಂದರೆ 88ನ್ನು 0.4ರಿಂದ ಭಾಗಿಸಿ, 220 ಗ್ರಾಂ. ಅಂದರೆ ಸೇರಿಸಬೇಕಾದ್ದು 120 ಮಿ.ಲೀ. ಮಳೆಗಾಲದಲ್ಲಿ ಅದೇ ಬೂಸಾ ಶೇ. 15ಕ್ಕೆ ಏರಿದ್ದರೆ 112 ಮಿ.ಲೀ. ಸಾಕು. ಬೀಜಕದ ದ್ರಾವಣವೂ ಈ ಲೆಕ್ಕದೊಳಗೇ ಬರಬೇಕು. ಆಟೋಕ್ಲೇವ್‌ನಲ್ಲಿ ಚೀಲಕ್ಕೆ ಸೇರುವ ನೀರನ್ನು ತೂಗಿ ಕಳೆಯಬೇಕು. ಹೆಚ್ಚಾದ ನೀರು ಕಾಳುಗಳ ನಡುವಿನ ಗಾಳಿಯನ್ನು ತಳ್ಳಿ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಡುತ್ತದೆ, ಹುಳಿ ವಾಸನೆ ಅದರದ್ದೇ. ಅಂಗೈಯಲ್ಲಿ ಹಿಂಡಿದರೆ ಮುದ್ದೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು.

ತೌಡು ಒಂದನ್ನೇ ಬಳಸಬೇಡಿ. ಜಿಡ್ಡಿನಿಂದ ಹೆಂಟೆಗಟ್ಟುತ್ತದೆ, ಬೇಗ ಕಮಟು ಬರುತ್ತದೆ. ಕುಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಒಳ್ಳೆಯದು, ಬೆಂದ ಮೇಲೂ ಕಾಳು ಅಂಟದೆ ಬಿಡಿಯಾಗಿರುತ್ತದೆ. ತಟ್ಟೆಯಲ್ಲಿ 2–3 ಸೆಂ.ಮೀ.ಗಿಂತ ದಪ್ಪ ಹರಡಬೇಡಿ, ನಡುವೆ ಬಿಸಿ ಕೂಡಿ ತಳಿ ಬೇಯುತ್ತದೆ. ಕೋಣೆಯ ಥರ್ಮಾಮೀಟರ್ ನಂಬದೆ ರಾಶಿಯೊಳಗೇ ಒಂದನ್ನು ಚುಚ್ಚಿಡಿ.

ಪ್ರಶ್ನೆ: ಮನೆಯ ಒಂದು ಕೋಣೆಯಲ್ಲಿ ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಶಿಲೀಂಧ್ರ ಬೆಳೆಸುತ್ತಿದ್ದೇವೆ. ಬಣ್ಣ ಗಾಢ ಕಿತ್ತಳೆ, ಆದರೆ ಅದರ ಔಷಧದ ಅಂಶವಾದ ಕಾರ್ಡಿಸೆಪಿನ್ ಕಡಿಮೆ ಎಂದು ಲ್ಯಾಬ್ ವರದಿ ಬಂತು. ಈಗ ಕೆಲವು ಬಾಟಲಿಗಳಲ್ಲಿ ಬರೀ ಬಿಳಿ ಹತ್ತಿಯಂತೆ ಬೆಳೆದು ನಿಂತಿದೆ.
(ದಂಪತಿ, ಕುಂದಾಪುರ)

ಉತ್ತರ: ಕಿತ್ತಳೆ ಬಣ್ಣ ಕ್ಯಾರೊಟಿನಾಯ್ಡ್‌ನದು, ಬೆಳಕು ಬಿದ್ದದ್ದರ ಗುರುತು. ಕಾರ್ಡಿಸೆಪಿನ್‌ಗೂ ಅದಕ್ಕೂ ನೇರ ನಂಟಿಲ್ಲ. ಬಿಳಿ ಹತ್ತಿ ತಳಿ ಕ್ಷೀಣಿಸಿದ ಲಕ್ಷಣ. ಈ ಶಿಲೀಂಧ್ರ ದಾಟಿಸಿದಷ್ಟೂ ಬೇಗ ಸೋಲುತ್ತದೆ, ತಾಯಿ ತಳಿಯಿಂದ ಮೂರು ತಲೆಮಾರಿಗಿಂತ ಮುಂದೆ ಹೋಗಬೇಡಿ. ಒಂಟಿ ಬೀಜಕದ ಉಪಾಯ ಇಲ್ಲಿ ಕೈಕೊಡಬಹುದು: ಎರಡು ಕೂಡುವ ಪಂಗಡಗಳಲ್ಲಿ ಒಂದೇ ಉಳಿದು ಕಾಯಿ (ಮೇಲೇಳುವ ಅಣಬೆಯ ಭಾಗ) ಸರಿಯಾಗಿ ಏಳುವುದಿಲ್ಲ. ಚೆನ್ನಾಗಿ ಬೆಳೆದ ಕಾಯಿಯ ಒಳತಿರುಳಿನಿಂದ ಹೊಸ ಕಲ್ಚರ್ ತೆಗೆಯಿರಿ.

ಬಾಟಲಿಗೆ 40 ಗ್ರಾಂ. ಕಂದು ಅಕ್ಕಿಯಾದರೆ ಪೋಷಕ ದ್ರಾವಣ 50–60 ಮಿ.ಲೀ. ಮೀರದಿರಲಿ. ಮೊದಲು ಕತ್ತಲೆ, ಬಿಳಿ ತಂತು ಅಕ್ಕಿಯನ್ನು ಪೂರ್ತಿ ಹಿಡಿದ ಮೇಲೆ ದಿನಕ್ಕೆ 12 ಗಂಟೆ ಬೆಳಕು, ತಾಪಮಾನ 18ರಿಂದ 20. ನಮ್ಮ ಕರಾವಳಿಯಲ್ಲಿ ಇದು ಏಸಿಯ ಬೆಳೆ, ಕರೆಂಟು ಬಿಲ್ಲನ್ನು ಮೊದಲೇ ಲೆಕ್ಕಹಾಕಬೇಕಿತ್ತು. ದ್ರಾವಣಕ್ಕೆ ಅಡಿನೀನ್, ಗ್ಲೈಸೀನ್ ಸೇರಿಸಿದಾಗ ಕಾರ್ಡಿಸೆಪಿನ್ ಏರುವುದು ದ್ರವ ಮಾಧ್ಯಮದಲ್ಲಿ ಕಂಡುಬಂದಿದೆ. ಅದನ್ನು ತಳಿ ಸರಿಪಡಿಸಿದ ಮೇಲೆ ಹತ್ತು ಬಾಟಲಿಯಲ್ಲಿ ಮಾತ್ರ ಪರೀಕ್ಷಿಸಿ. ಪೊಟ್ಟಣದ ಮೇಲೆ ‘ಇಂಥ ಕಾಯಿಲೆಗೆ ಮದ್ದು’ ಎಂದು ಬರೆಯುವ ಯೋಚನೆ ಇದ್ದರೆ ಬಿಡಿ.

ಪ್ರಶ್ನೆ: ಅಕ್ಕಿಯ ಮೇಲೆ ಮೊನಾಸ್ಕಸ್ ಬೂಷ್ಟು ಬೆಳೆಸಿ ಕೆಂಪಕ್ಕಿ ಮಾಡಿ ತಿಂದರೆ ಕೊಲೆಸ್ಟರಾಲ್ ಇಳಿಯುತ್ತದಂತೆ. ಮನೆಯಲ್ಲಿ ಮಾಡಬಹುದೇ?
(ಓದುಗರು, ಕಾರ್ಕಳ)

ಉತ್ತರ: ಬೇಡ. ಅದರಲ್ಲಿರುವ ಮೊನಾಕೊಲಿನ್-ಕೆ ಮತ್ತು ಲೊವಾಸ್ಟಾಟಿನ್ ಒಂದೇ ವಸ್ತು, ನೀವು ಎಷ್ಟು ತಿಂದಿರೆಂದು ನಿಮಗೇ ಗೊತ್ತಾಗುವುದಿಲ್ಲ. ಜೊತೆಗೆ ಅದೇ ಬೂಷ್ಟಿನ ಅನೇಕ ತಳಿಗಳು ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಮಾಡುತ್ತವೆ. ಬಣ್ಣ, ರುಚಿಯಲ್ಲಿ ಅದು ತಿಳಿಯದು. ಡಾಕ್ಟರು ಬರೆದುಕೊಡುವ ಗುಳಿಗೆಯಲ್ಲಿ ಮಿ.ಗ್ರಾಂ. ಎಷ್ಟೆಂದು ಅಚ್ಚಾಗಿರುತ್ತದೆ.

ಪ್ರಶ್ನೆ: ಘಟ್ಟದ ನಥಾಪೊಡೈಟಿಸ್ ಮರದ ಎಲೆಯೊಳಗಿಂದ ಬೇರ್ಪಡಿಸಿದ ಶಿಲೀಂಧ್ರದಲ್ಲಿ ಮೊದಲ ಸಲ ಕ್ಯಾನ್ಸರ್ ಮದ್ದುಗಳ ಮೂಲವಸ್ತು ಕ್ಯಾಂಪ್ಟೊಥೆಸಿನ್ ಉಬ್ಬು ಕಂಡಿತ್ತು. ಮೂರನೇ ಕಲ್ಚರಿಗೆ ಮಾಯ. ಮರದ ಎಲೆಯ ಕಷಾಯ ಸೇರಿಸಿದರೆ ಮರಳಿ ಬರುತ್ತಿದೆ!
(ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಸಂಭ್ರಮಿಸುವ ಮುಂಚೆ ಒಂದು ಕೆಲಸ. ಆ ಎಲೆಯಲ್ಲೇ ಕ್ಯಾಂಪ್ಟೊಥೆಸಿನ್ ಇದೆ, ಮರಳಿ ಬಂದದ್ದು ಕಷಾಯದ್ದೇ ಇರಬಹುದು. ಶಿಲೀಂಧ್ರವಿಲ್ಲದೆ ಕಷಾಯ ಮಾತ್ರ ಇರುವ ಫ್ಲಾಸ್ಕ್, ಕೊಂದ ಶಿಲೀಂಧ್ರ ಮತ್ತು ಕಷಾಯ ಇರುವ ಫ್ಲಾಸ್ಕ್, ಎರಡನ್ನೂ ಪಕ್ಕದಲ್ಲಿಟ್ಟು ಅಷ್ಟೇ ದಿನ ಕುಲುಕಿ. ಮೊದಲ ಕಲ್ಚರಿನ ಉಬ್ಬೂ ಎಲೆಯ ತುಣುಕಿನಿಂದ ಜೊತೆಗೆ ಬಂದದ್ದಾಗಿರಬಹುದು.

ಮರದೊಳಗಿನ ಶಿಲೀಂಧ್ರಗಳು ಪ್ಲೇಟಿಗೆ ಬಂದ ಮೇಲೆ ಇಂಥ ವಸ್ತು ಮಾಡುವುದನ್ನು ನಿಲ್ಲಿಸುವುದು ಹೊಸದಲ್ಲ. ಜೀನಿಗೆ ಬೀಗ ಬಿದ್ದಿದ್ದರೆ 5-ಅಜಾಸೈಟಿಡಿನ್‌ನಂಥ ವಸ್ತು ಬೀಗ ತೆಗೆಯಬಹುದು. ಕ್ಯಾಂಪ್ಟೊಥೆಸಿನ್ ಇರುವ ಗಿಡದ ಶಿಲೀಂಧ್ರವೊಂದರಲ್ಲಿ ಅದು ಕೆಲಸ ಮಾಡಿದ್ದೂ ಇದೆ. ಅದು ಡಿಎನ್‌ಎಯನ್ನೇ ಮುಟ್ಟುವ ವಸ್ತು, ಗ್ಲೌಸ್ ಇಲ್ಲದೆ ತೂಗಬೇಡಿ. ಮೇಲಿನ ಎರಡು ಫ್ಲಾಸ್ಕುಗಳಲ್ಲಿ ಉಬ್ಬು ಕಾಣದೆ, ಜೀವಂತ ಶಿಲೀಂಧ್ರ ಇರುವುದರಲ್ಲಿ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಮಾತ್ರ ಆ ದಾರಿ ಹಿಡಿಯಿರಿ. ಅಲ್ಲಿಯವರೆಗೆ ಇಳುವರಿ ಏರಿಸುವ ಪ್ರಶ್ನೆ ಬರುವುದಿಲ್ಲ, ಏರಿಸಲು ಏನಿದೆ ಎಂಬುದೇ ಇನ್ನೂ ಗೊತ್ತಾಗಬೇಕಿದೆ.